ಮದ್ದು ಬಾವಿಗೆ ಇಳಿಯುವ ದಾರಿ

ನಿಮ್ಮ ಮನೆಯ ಬಾವಿ ಎಷ್ಟು ಆಳ? ನಮ್ಮ ಕಾಸರಗೋಡಿನ ಮಕ್ಕಳನ್ನು ಕೇಳಿದರೆ ‘ಹದಿನೆಂಟು ಕೋಲು ಉಂಟು ಟೀಚರ್’ ಅನ್ನುತ್ತಾರೆ. ಮಡಕಶಿರಾ, ರಾಯದುರ್ಗದ ಮಕ್ಕಳು ಬೋರ್‌ವೆಲ್ಲಿನ ಲೆಕ್ಕವನ್ನು ಅಡಿಯಲ್ಲಿ ಹೇಳಿಯಾರು, ಅದೂ ನೂರರ ಮೇಲೆ ನೂರು. ಆಳ ಎಷ್ಟೇ ಇರಲಿ, ನಮ್ಮೆಲ್ಲರ ಮನಸ್ಸಿನಲ್ಲೂ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಇಷ್ಟು ಮಣ್ಣು, ಇಷ್ಟು ಕಲ್ಲು ದಾಟಿ ಇಳಿದು ಬಂದ ನೀರು ತಾನೇ, ಸೋಸಿಯೇ ಬಂದಿರುತ್ತದೆ. ಕಣ್ಣಿಗೆ ತಿಳಿಯಾಗಿ ಕಂಡರಂತೂ ಕೇಳುವುದೇ ಬೇಡ.

ಈ ನಂಬಿಕೆ ಪೂರ್ತಿ ಸುಳ್ಳೇನೂ ಅಲ್ಲ. ಕೆಸರು, ಎಲೆಯ ಚೂರು, ಎಷ್ಟೋ ರೋಗಾಣುಗಳು ಮಣ್ಣಿನಲ್ಲಿ ತಡೆದು ನಿಲ್ಲುತ್ತವೆ. ಆದರೆ ಉಪ್ಪು ಕರಗಿದ ನೀರನ್ನು ಬಟ್ಟೆಯಲ್ಲಿ ಸೋಸಿ ನೋಡಿ. ಉಪ್ಪು ಬಟ್ಟೆಯಲ್ಲಿ ಉಳಿಯುತ್ತದಾ? ಕರಗಿದ ವಸ್ತುವನ್ನು ಯಾವ ಜರಡಿಯೂ ಹಿಡಿಯಲಾರದು. ಬೆಳೆಗೆ ಸಿಂಪಡಿಸಿದ ಕೀಟನಾಶಕವೋ ಕಳೆನಾಶಕವೋ ಮಳೆನೀರಿನಲ್ಲಿ ಕರಗಿ ಇಳಿಯತೊಡಗಿದರೆ ಅದನ್ನು ತಡೆಯಲು ಮಣ್ಣಿಗೆ ಬೇರೆಯೇ ಉಪಾಯ ಬೇಕು. ಆ ಉಪಾಯ ಮಣ್ಣಿಗೆ ಗೊತ್ತುಂಟು. ಅದು ಯಾವಾಗ ಕೆಲಸ ಮಾಡುತ್ತದೆ, ಯಾವಾಗ ಕೈಕೊಡುತ್ತದೆ ಅಂತ ಈ ಸಲ ನೋಡೋಣ.

ಮೊದಲು ಹೆಸರಿನ ಮಾತು. ನಮ್ಮ ಕಡೆ ಅಡಿಕೆಗೆ ‘ಮದ್ದು ಬಿಡುವುದು’ ಅಂತಾರೆ. ಸೊಲ್ಲಾಪುರ, ಜತ್ತದ ಕಡೆ ‘ಎಣ್ಣಿ ಹೊಡಿಯೂದು’, ಇನ್ನು ಕೆಲವು ಕಡೆ ‘ಔಷಧಿ ಹೊಡೆಯೋದು’. ಮದ್ದು, ಎಣ್ಣೆ, ಔಷಧಿ – ಮೂರೂ ಕೇಳಲು ಎಷ್ಟು ಸೌಮ್ಯ, ಅಲ್ವಾ? ಗಿಡಕ್ಕೆ ಮದ್ದು, ಹುಳಕ್ಕೆ ವಿಷ. ಬಾವಿಗೆ ಇಳಿದರೆ ಅದು ಏನು ಅಂತ ನೀವೇ ಹೆಸರಿಡಿ.

ಮೂರು ಬಾಟಲಿಯ ಪ್ರಯೋಗ

ಇದನ್ನು ನಮ್ಮ ಒಂಬತ್ತನೇ ತರಗತಿಯಲ್ಲಿ ಮಾಡಿಸುತ್ತೇನೆ. ನೀವೂ ನಿಮ್ಮ ಟೀಚರ ಎದುರು ಮಾಡಬಹುದು. ನಿಜವಾದ ಕೀಟನಾಶಕ ಮಾತ್ರ ಮುಟ್ಟಬೇಡಿ, ಅದರ ಅಗತ್ಯವೂ ಇಲ್ಲ.

ಒಂದು ಲೀಟರಿನ ಮೂರು ಪ್ಲಾಸ್ಟಿಕ್ ಬಾಟಲಿಗಳ ತಳ ಕತ್ತರಿಸಿ ತೆಗೆಯಿರಿ. ಮುಚ್ಚಳಕ್ಕೆ ನಾಲ್ಕಾರು ಸಣ್ಣ ತೂತು ಮಾಡಿ, ಒಳಗೆ ಸ್ವಲ್ಪ ಹತ್ತಿ ಇಟ್ಟು, ಬಾಯಿ ಕೆಳಗಾಗಿ ನಿಲ್ಲಿಸಿ. ಜರಡಿ ಹಿಡಿದ ತೋಟದ ಮಣ್ಣನ್ನು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿ, ಮೆತ್ತಗೆ ಒತ್ತಿ. ಮಣ್ಣಿನಲ್ಲಿ ಮೊದಲೇ ಇರುವ ಉಪ್ಪು ತೊಳೆದುಹೋಗಲಿ ಅಂತ ಭಟ್ಟಿ ಇಳಿಸಿದ ನೀರನ್ನು ಮೂರು ನಾಲ್ಕು ಸಲ ಹಾಯಿಸಿ. ಕೆಳಗೆ ಬಿದ್ದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿದಾಗ ಬಿಳಿ ಆಗದಿದ್ದರೆ ನೀವು ತಯಾರು. ಸಿಲ್ವರ್ ನೈಟ್ರೇಟ್ ಕೈಗೆ ತಾಗಿದರೆ ಕಪ್ಪು ಕಲೆ ಆಗುತ್ತದೆ, ಅದು ಟೀಚರ ಕೈಯಲ್ಲೇ ಇರಲಿ.

ಮೊದಲನೇ ಬಾಟಲಿಗೆ ಉಪ್ಪು ನೀರು ಹೊಯ್ಯಿರಿ. ಕೆಳಗೆ ಹನಿದ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿ. ಮೊಸರು ಒಡೆದ ಹಾಗೆ ಬಿಳಿ ಪ್ರಕ್ಷೇಪ. ಅಂದರೆ ಉಪ್ಪಿನ ಕ್ಲೋರೈಡ್ ಮಣ್ಣನ್ನು ದಾಟಿ ಬಂತು. ಎರಡನೇ ಬಾಟಲಿಗೆ ಪ್ರಯೋಗಾಲಯದ ಮೆಥಿಲೀನ್ ಬ್ಲೂ ಕೆಲವು ಹನಿ ಬೆರೆಸಿದ ನೀರು. ಮೇಲೆ ಕಡುನೀಲಿ, ಕೆಳಗೆ ಬೀಳುವುದು ಬಣ್ಣವಿಲ್ಲದ ನೀರು! ಮಣ್ಣು ನೀಲಿಯನ್ನು ಹಿಡಿದುಕೊಂಡಿತು. ಎರಡೂ ನೀರಿನಲ್ಲಿ ಚೆನ್ನಾಗಿ ಕರಗಿದ್ದವೇ. ಹಾಗಾಗಿ ಇದು ಸೋಸುವಿಕೆ ಅಲ್ಲ. ಮಣ್ಣಿನ ಕಣದ ಮೈಗೆ ಅಣು ಅಂಟಿಕೊಳ್ಳುವುದು, ನಿಮ್ಮ ಪುಸ್ತಕದ ಭಾಷೆಯಲ್ಲಿ ಅಧಿಶೋಷಣೆ.

ನೀಲಿ ಬಣ್ಣದ ಅಣುವಿಗೆ ಧನ ವಿದ್ಯುದಂಶ ಉಂಟು, ಜೇಡಿಮಣ್ಣಿನ ಕಣಕ್ಕೆ ಋಣ. ಅವು ಒಂದನ್ನೊಂದು ಬಿಡುವುದಿಲ್ಲ. ಕ್ಲೋರೈಡೂ ಋಣ, ಅದನ್ನು ಜೇಡಿ ಹತ್ತಿರ ಸೇರಿಸುವುದಿಲ್ಲ. ಆದರೆ ಹೆಚ್ಚಿನ ಕೀಟನಾಶಕಗಳಿಗೆ ವಿದ್ಯುದಂಶವೇ ಇಲ್ಲ. ಅವನ್ನು ಮುಖ್ಯವಾಗಿ ಹಿಡಿಯುವುದು ಮಣ್ಣಿನಲ್ಲಿ ಕೊಳೆತು ಬೆರೆತ ಸೊಪ್ಪು, ಗೊಬ್ಬರ, ಅಂದರೆ ಸಾವಯವ ಅಂಶ. ಎಣ್ಣೆಯ ಜಿಡ್ಡು ನೀರನ್ನು ಬಿಟ್ಟು ಬಟ್ಟೆಗೆ ಹಿಡಿಯುತ್ತದಲ್ಲಾ, ಹಾಗೆ.

ಹಿಡಿಯುವುದು ಅಂದರೆ ಶಾಶ್ವತವಾಗಿ ಕಟ್ಟಿಹಾಕುವುದು ಅಂತ ತಿಳಿಯಬೇಡಿ. ಅಣು ಕಣದ ಮೇಲೆ ಕೂರುತ್ತದೆ, ಏಳುತ್ತದೆ, ನೀರಿನ ಜೊತೆ ಸ್ವಲ್ಪ ದೂರ ಹೋಗುತ್ತದೆ, ಮುಂದಿನ ಕಣದ ಮೇಲೆ ಮತ್ತೆ ಕೂರುತ್ತದೆ. ಪ್ರತಿ ಸ್ಟಾಪಿನಲ್ಲೂ ನಿಲ್ಲುವ ನಮ್ಮೂರ ಬಸ್ಸಿನ ಹಾಗೆ. ಹೆಚ್ಚು ಹೊತ್ತು ಕೂರುವ ಅಣು ನಿಧಾನ ಇಳಿಯುತ್ತದೆ, ಕೂರದೇ ಇರುವ ಅಣು ನೀರಿನಷ್ಟೇ ವೇಗದಲ್ಲಿ ಇಳಿಯುತ್ತದೆ. ಹೀಗೆ ತಡವಾಗುವುದರಲ್ಲೇ ಲಾಭ ಇರುವುದು. ಮೇಲ್ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ತುಂಬಾ. ಕೂತ ಅಣುವನ್ನು ಅವು ಒಡೆಯುತ್ತವೆ. ಬೇರಿನ ಪದರ ದಾಟಿ ಕೆಳಗೆ ಹೋದರೆ ಜೀವಿಗಳು ಕಡಿಮೆ, ಸಾವಯವ ಅಂಶ ಕಡಿಮೆ, ಗಾಳಿ ಕಡಿಮೆ. ಅಲ್ಲಿಯ ತನಕ ಒಡೆಯದೆ ಉಳಿದದ್ದು ಆಮೇಲೆ ಬಹಳ ಕಾಲ ಉಳಿಯುತ್ತದೆ.

ಮೂರನೇ ಬಾಟಲಿ ಯಾಕೆ ಅಂತ ಕೇಳುತ್ತೀರಿ. ಸ್ವಲ್ಪ ತಾಳಿ, ಅದಕ್ಕೆ ಬರುತ್ತೇನೆ.

ಮದ್ದಿಗೂ ಒಂದು ಅಂಕಪಟ್ಟಿ

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಲಾಂಗ್ ಐಲ್ಯಾಂಡ್ ಅಂತ ಒಂದು ದ್ವೀಪ ಉಂಟು. ಮರಳು ಮಣ್ಣು, ಕೆಳಗೆ ಹೆಚ್ಚು ಆಳವಿಲ್ಲದ ನೀರು, ಮೇಲೆ ಆಲೂಗಡ್ಡೆ ಹೊಲ. ಅಲ್ಲಿ ಆಲ್ಡಿಕಾರ್ಬ್ ಎಂಬ ಕೀಟನಾಶಕ ಬಳಸುತ್ತಿದ್ದರು. ಮಣ್ಣಿನಲ್ಲೇ ಒಡೆದುಹೋಗುತ್ತದೆ, ಅಂತರ್ಜಲದ ತನಕ ಇಳಿಯುವುದಿಲ್ಲ ಎಂಬುದೇ ಆಗಿನ ಸಾಮಾನ್ಯ ಅಂದಾಜು. 1979ರಲ್ಲಿ ಅಲ್ಲಿಯ ಕುಡಿಯುವ ನೀರಿನ ಬಾವಿಗಳಲ್ಲೇ ಅದು ಸಿಕ್ಕಿತು. ಬಳಕೆ ನಿಲ್ಲಿಸಿದ ಮೇಲೂ ವರ್ಷಗಟ್ಟಲೆ ಸಿಗುತ್ತಲೇ ಇತ್ತು. ಕೀಟನಾಶಕ ಬಾವಿಗೆ ಇಳಿಯುತ್ತದಾ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳು ಗಂಭೀರವಾಗಿ ಹಿಡಿದದ್ದು ಇಂಥ ಘಟನೆಗಳ ಮೇಲೆ.

1989ರಲ್ಲಿ ಗುಸ್ತಾಫ್ಸನ್ ಎಂಬ ವಿಜ್ಞಾನಿ ಒಂದು ಸರಳ ಸೂತ್ರ ಕೊಟ್ಟರು. ಅದಕ್ಕೆ ಎರಡೇ ಸಂಖ್ಯೆ ಸಾಕು. ಒಂದು, ಮಣ್ಣಿನಲ್ಲಿ ಮದ್ದಿನ ಅರ್ಧ ಭಾಗ ಒಡೆದುಹೋಗಲು ಬೇಕಾಗುವ ದಿನಗಳು, ಅಂದರೆ ಅರ್ಧಾಯುಷ್ಯ. ಇನ್ನೊಂದು, ಮಣ್ಣಿನ ಸಾವಯವ ಅಂಶ ಅದನ್ನು ನೀರಿಗಿಂತ ಎಷ್ಟು ಪಟ್ಟು ಹೆಚ್ಚಾಗಿ ಹಿಡಿದುಕೊಳ್ಳುತ್ತದೆ ಎಂಬ ಸಂಖ್ಯೆ. ಇದನ್ನು ನಾವು ‘ಹಿಡಿತ’ ಅಂತ ಕರೆಯೋಣ.

ಅಂಕ = (ಅರ್ಧಾಯುಷ್ಯದ ಲಾಗ್) × (4 – ಹಿಡಿತದ ಲಾಗ್)

ಲಾಗ್ ಅಂದರೆ ಹೆದರಬೇಡಿ. 10, 100, 1,000 ಇಂಥ ಸಂಖ್ಯೆಗಳಿಗೆ ಸೊನ್ನೆ ಎಣಿಸಿದರೆ ಆಯಿತು. 100ರ ಲಾಗ್ 2, 10,000ದ ಲಾಗ್ 4. ನಡುವಿನ ಸಂಖ್ಯೆಗಳಿಗೆ ನಡುವಿನ ಬೆಲೆ. 30ರ ಲಾಗ್ ಸುಮಾರು 1.5. ಅಂಕ 2.8ಕ್ಕಿಂತ ಹೆಚ್ಚಾದರೆ ಆ ಮದ್ದು ಅಂತರ್ಜಲಕ್ಕೆ ಇಳಿಯುವ ಜಾತಿ, 1.8ಕ್ಕಿಂತ ಕಡಿಮೆಯಾದರೆ ಇಳಿಯದ ಜಾತಿ. ನಮ್ಮ ಪರೀಕ್ಷೆಯ ಹಾಗಲ್ಲ, ಇಲ್ಲಿ ಕಡಿಮೆ ಅಂಕ ಬಂದವನೇ ಒಳ್ಳೆಯವನು.

ಆಲ್ಡಿಕಾರ್ಬಿಗೆ ಹಾಕಿ ನೋಡಿ. ಅರ್ಧಾಯುಷ್ಯ ಸುಮಾರು 30 ದಿನ, ಹಿಡಿತವೂ ಸುಮಾರು 30. 1.5ನ್ನು 2.5ರಿಂದ ಗುಣಿಸಿದರೆ 3.75. ಬಾವಿಯಲ್ಲಿ ಸಿಕ್ಕಿದ್ದರಲ್ಲಿ ಆಶ್ಚರ್ಯವೇ ಇಲ್ಲ. ಮೆಕ್ಕೆಜೋಳ, ಕಬ್ಬಿನ ಕಳೆಗೆ ಹೊಡೆಯುವ ಅಟ್ರಜಿನ್‌ಗೆ ಹಾಕಿ: 60 ದಿನ, ಹಿಡಿತ 100. 1.8 ಗುಣಿಸು 2, ಅಂದರೆ 3.6. ಐರೋಪ್ಯ ಒಕ್ಕೂಟ 2004ರಲ್ಲಿ ಅಟ್ರಜಿನ್‌ಗೆ ಒಪ್ಪಿಗೆ ನಿರಾಕರಿಸಿದ್ದು ಅಂತರ್ಜಲದ ಕಾರಣಕ್ಕೇ.

ಈಗ ಎಂಡೋಸಲ್ಫಾನ್. ಅದರ ಹಿಡಿತ 10,000ಕ್ಕೂ ಹೆಚ್ಚು. ಹಾಗಾಗಿ 4ರಿಂದ 4 ಕಳೆದರೆ ಸೊನ್ನೆ. ಅರ್ಧಾಯುಷ್ಯ ಎಷ್ಟೇ ಹಾಕಿ ಗುಣಿಸಿ, ಉತ್ತರ ಸೊನ್ನೆಯೇ, ಸರಿಯಾಗಿ ಲೆಕ್ಕ ಹಾಕಿದರೆ ಸೊನ್ನೆಗಿಂತಲೂ ಚೂರು ಕೆಳಗೆ. ಒಂದು ಲೀಟರ್ ನೀರಿನಲ್ಲಿ ಅದು ಕರಗುವುದು ಒಂದು ಮಿಲಿಗ್ರಾಮಿನ ಮೂರನೇ ಒಂದು ಭಾಗದಷ್ಟು ಮಾತ್ರ. ಆಲ್ಡಿಕಾರ್ಬ್ 6,000 ಮಿಲಿಗ್ರಾಮಿನಷ್ಟು ಕರಗುತ್ತದೆ. ಅಂಕಪಟ್ಟಿಯ ಪ್ರಕಾರ ಎಂಡೋಸಲ್ಫಾನ್ ಬಾವಿಗೆ ಇಳಿಯಲೇಬಾರದು.

ಸೊನ್ನೆ ಅಂಕದ ಮದ್ದು, ಗೇರಿನ ಗುಡ್ಡ

ಕಾಸರಗೋಡು ಜಿಲ್ಲೆಯ ಗುಡ್ಡಗಳ ನೆತ್ತಿಯಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳಿವೆ. ಗೇರಿನ ಚಿಗುರು, ಹೂವಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ತನಕ ಅಲ್ಲಿ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಿದರು. ಗುಡ್ಡದ ಬುಡದಲ್ಲಿ ಅಡಿಕೆ ತೋಟ, ಮನೆ, ಶಾಲೆ, ತೋಡು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ರೋಗಿಗಳನ್ನು ನೋಡುತ್ತಿದ್ದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಒಂದೇ ಊರಿನಲ್ಲಿ ಇಷ್ಟೊಂದು ವಿಚಿತ್ರ ಕಾಯಿಲೆ ಯಾಕೆ ಅಂತ ಕೇಳಿದರು. ಅದೇ ಊರಿನ ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ತಿಳಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಎಂಡೋಸಲ್ಫಾನ್ ತಡೆಯಿತು. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೂ ಅದು ಸೇರಿತು. ಮನುಷ್ಯರ ಕಥೆಯನ್ನು ಇಲ್ಲಿಯ ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ, ಮನೆಯ ಹಿರಿಯರೇ ಹೇಳಿರುತ್ತಾರೆ. ನಾನು ನೀರಿನ ಹಿಂದೆ ಹೋಗುತ್ತೇನೆ.

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ರಕ್ತ, ಹಾಲು ಇತ್ಯಾದಿ ಪರೀಕ್ಷಿಸಿ ಎಂಡೋಸಲ್ಫಾನ್ ಇದೆ ಅಂದಿತು. ಕಾರ್ಪೊರೇಶನ್ ಬೇರೊಂದು ಪ್ರಯೋಗಾಲಯದಿಂದ ಮಾಡಿಸಿದ ಪರೀಕ್ಷೆ ನೀರಿನಲ್ಲಿ ಇಲ್ಲ ಅಂದಿತು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಇಲ್ಲಿಯ ಶಾಲೆಯ 117 ಹುಡುಗರನ್ನು, ಸಿಂಪಡಣೆ ಇಲ್ಲದ ಊರಿನ 90 ಹುಡುಗರ ಜೊತೆ ಹೋಲಿಸಿ ನೋಡಿದರು. ಸಿಂಪಡಣೆ ನಿಂತು ತಿಂಗಳುಗಳಾದ ಮೇಲೂ ನಮ್ಮ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹಲವು ಪಟ್ಟು ಹೆಚ್ಚಿತ್ತು. ಈ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಅವರೆಲ್ಲ ಆಗ ನಿಮ್ಮ ವಯಸ್ಸಿನವರು.

ಒಂದು ಸಂಸ್ಥೆಗೆ ನೀರಿನಲ್ಲಿ ಸಿಗುತ್ತದೆ, ಇನ್ನೊಂದಕ್ಕೆ ಸಿಗುವುದಿಲ್ಲ. ಯಾರೋ ಒಬ್ಬರು ಸುಳ್ಳು ಹೇಳಿದ್ದಾರೆ ಅಂತ ಜಗಳಕ್ಕೆ ಹೋಗುವ ಮೊದಲು ನೀರು ಹೇಗೆ ಬಂತು ಅಂತ ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ. ಯಾವ ತಿಂಗಳಲ್ಲಿ, ಎಷ್ಟು ಮಳೆಯ ಮೇಲೆ, ತೋಡಿನಿಂದಲೋ ಬಾವಿಯಿಂದಲೋ ಹಿಡಿದ ನೀರು ಎಂಬುದರ ಮೇಲೆ ಉತ್ತರ ಬದಲಾಗುವುದು ಸಾಧ್ಯ.

ಈಗ ಮೂರನೇ ಬಾಟಲಿ ತೆಗೆಯಿರಿ. ಅದೇ ಮಣ್ಣು, ಅಷ್ಟೇ ಮಣ್ಣು. ಆದರೆ ತುಂಬುವಾಗಲೇ ನಡುವೆ ಒಂದು ಪೆನ್ಸಿಲ್ ನಿಲ್ಲಿಸಿ, ಆಮೇಲೆ ಮೆಲ್ಲಗೆ ಎಳೆದು, ಆ ತೂತಿಗೆ ದೊಡ್ಡ ಮರಳು ತುಂಬಿ. ಈಗ ಅದೇ ನೀಲಿ ನೀರು ಹೊಯ್ಯಿರಿ. ನೀಲಿ ಬಣ್ಣ ಕೆಲವೇ ಕ್ಷಣಗಳಲ್ಲಿ ಕೆಳಗೆ ಬೀಳುತ್ತದೆ. ಮಣ್ಣಿನ ಗುಣ ಬದಲಾಗಲಿಲ್ಲ, ಬಣ್ಣದ ಗುಣವೂ ಬದಲಾಗಲಿಲ್ಲ. ನೀರಿಗೆ ಅಡ್ಡದಾರಿ ಸಿಕ್ಕಿತು, ಅಷ್ಟೇ. ಅಣುವಿಗೆ ಕೂರಲು ಪುರುಸೊತ್ತೇ ಆಗಲಿಲ್ಲ. ಅಂಕಪಟ್ಟಿಗೆ ಮದ್ದಿನ ಗುಣ ಗೊತ್ತು. ನಿಮ್ಮ ನೆಲದ ತೂತುಗಳು ಅದಕ್ಕೆ ಗೊತ್ತಿಲ್ಲ.

ನಮ್ಮ ಮುರಕಲ್ಲಿನ ಗುಡ್ಡ ಅಂದರೆ ತೂತುಗಳದ್ದೇ ಗುಡ್ಡ. ಹೊಸದಾಗಿ ಕೆತ್ತಿದ ಕೆಂಪು ಮುರಕಲ್ಲನ್ನು ಹತ್ತಿರದಿಂದ ನೋಡಿ, ಜೇನುಗೂಡಿನ ಹಾಗೆ ಕೊಳವೆಗಳು. ಅದರ ಮೇಲೆ ಸತ್ತ ಬೇರಿನ ದಾರಿ, ಗೆದ್ದಲಿನ ದಾರಿ, ಹೆಗ್ಗಣದ ಮಾಟೆ. ಕೆಲವು ಕಡೆ ಒಳಗಿನ ಮೆದು ಮಣ್ಣು ಕೊಚ್ಚಿಹೋಗಿ ಮನುಷ್ಯ ನುಸುಳುವಷ್ಟು ದೊಡ್ಡ ಟೊಳ್ಳು ಕೂಡ ಆಗುವುದುಂಟು. ಬೇರೆ ಊರಿನ ಓದುಗರಿಗೆ ಒಂದು ಮಾತು: ಇಲ್ಲಿ ಬಾವಿಯ ಜೊತೆ ‘ಸುರಂಗ’ ಎಂಬ ನೀರಿನ ಮೂಲವೂ ಉಂಟು. ಗುಡ್ಡದ ಬದಿಗೆ ಅಡ್ಡಲಾಗಿ, ಒಬ್ಬ ಬಗ್ಗಿ ನಡೆಯುವಷ್ಟು ಅಗಲಕ್ಕೆ ಕೊರೆದ ಉದ್ದನೆ ಗುಹೆ. ಮುರಕಲ್ಲಿನಿಂದ ಒಸರಿದ ನೀರು ಪಂಪು ಇಲ್ಲದೆ ತಾನಾಗಿ ಹರಿದು ಹೊರಗಿನ ಟಾಂಕಿಗೆ ಬೀಳುತ್ತದೆ. ನೆತ್ತಿಯಲ್ಲಿ ಬಿದ್ದ ಮಳೆ, ಗುಡ್ಡದ ಹೊಟ್ಟೆಯಲ್ಲಿ ಇಳಿದು, ಬುಡದ ಮನೆಯ ಕೊಡಕ್ಕೆ ಬರುವ ದಾರಿ ಅದು.

ಸಿಂಪಡಿಸಿದ ಎಂಡೋಸಲ್ಫಾನ್ ನೀರಿಗೆ ಸೇರಲು ಮೂರು ದಾರಿ ಇದ್ದವು. ಆಕಾಶದಿಂದ ನೇರ ಬೀಳುವುದು ಮೊದಲನೆಯದು. ಸಿಂಪಡಿಸುವ ಮೊದಲು ನೀರಿನ ಮೂಲಗಳನ್ನು ಮುಚ್ಚಬೇಕು ಎಂಬ ನಿಯಮ ಇತ್ತು. ಬಾವಿ ಮುಚ್ಚಬಹುದು, ತೋಡನ್ನು ಯಾವುದರಿಂದ ಮುಚ್ಚುವುದು? ಎರಡನೆಯದು ಮೊದಲ ಮಳೆ. ಎಂಡೋಸಲ್ಫಾನ್ ಮಣ್ಣಿಗೆ ಬಿಗಿಯಾಗಿ ಹಿಡಿಯುತ್ತದೆ ಅಂತ ನೋಡಿದೆವಲ್ಲಾ, ಆ ಮಣ್ಣೇ ಕೊಚ್ಚಿ ಬಂದರೆ? ಕೆಂಪು ನೀರಿನ ಪ್ರತಿ ಕಣದ ಬೆನ್ನ ಮೇಲೆ ಅದು ಕೂತು ಬರುತ್ತದೆ. ಮೂರನೆಯದು ಮುರಕಲ್ಲಿನ ಕೊಳವೆಗಳು. ಕರಗದ, ಇಳಿಯದ ಮದ್ದು ಅಂತ ಕಾಗದದಲ್ಲಿ ಬರೆದದ್ದು ನಿಜವೇ. ಆದರೆ ಸಣ್ಣ ಮಣ್ಣಿನ ಕಣ ಇಳಿಯುವಷ್ಟು ದಾರಿ ಇದ್ದರೆ ಕಣದ ಜೊತೆ ಅದೂ ಇಳಿಯಬಲ್ಲದು.

ಮಳೆಗಾಲದ ತನಕ ಅದು ಉಳಿಯುತ್ತದಾ? ಲೆಕ್ಕ ಹಾಕೋಣ. ಗೇರು ಹೂ ಬಿಡುವ ಜನವರಿ ಆರಂಭದಲ್ಲಿ ಸಿಂಪಡಣೆ, ಜೂನ್ ಆರಂಭದಲ್ಲಿ ಮಳೆ, ನಡುವೆ 150 ದಿನ. ಮಣ್ಣಿನಲ್ಲಿ ಅರ್ಧಾಯುಷ್ಯ 50 ದಿನ ಅಂತ ಹಿಡಿದರೆ 100 ಪಾಲು 50 ಆಯಿತು, 25 ಆಯಿತು, 12.5 ಆಯಿತು. ಎಂಟರಲ್ಲಿ ಒಂದು ಪಾಲು ಮಳೆಗೆ ಉಳಿಯಿತು. ಪರವಾಗಿಲ್ಲ ಅನಿಸುತ್ತದಾ? ಇಲ್ಲೊಂದು ಮರೆತ ವಿಷಯ ಉಂಟು. ಎಂಡೋಸಲ್ಫಾನ್ ಒಡೆದಾಗ ಮಾಯ ಆಗುವುದಿಲ್ಲ, ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಅದೂ ವಿಷವೇ, ತಾಯಿಗಿಂತ ಹೆಚ್ಚು ಕಾಲ ಬಾಳುವ ಮಗು. ಎರಡನ್ನೂ ಸೇರಿಸಿದರೆ ಅರ್ಧಾಯುಷ್ಯ ಒಂಬತ್ತು ತಿಂಗಳಿಂದ ಆರು ವರ್ಷದ ತನಕ ಅಂತ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜು ಮಾಡಿತ್ತು. ಕಡಿಮೆ ಬೆಲೆ, ಅಂದರೆ ಒಂಬತ್ತು ತಿಂಗಳನ್ನೇ ಹಿಡಿದು ನೋಡಿ; 150 ದಿನದ ಮೇಲೂ ಮೂರರಲ್ಲಿ ಎರಡು ಪಾಲು ಹಾಗೇ ಉಳಿಯುತ್ತದೆ. ಮುಂದಿನ ಸಿಂಪಡಣೆ ಅದರ ಮೇಲೆ. ಹೀಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು.

ನಿಮ್ಮ ಊರಿನ ಅಡ್ಡದಾರಿ ಯಾವುದು?

ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಎರೆಮಣ್ಣು ಜೇಡಿ ತುಂಬಿದ ಮಣ್ಣು. ಒದ್ದೆಯಾಗಿ ಉಬ್ಬಿದಾಗ ನೀರನ್ನೇ ಇಳಿಯಲು ಬಿಡುವುದಿಲ್ಲ, ಮದ್ದಿನ ಮಾತೇ ಬೇಡ. ಆದರೆ ಬೇಸಿಗೆಯಲ್ಲಿ ಆ ಹೊಲ ನೋಡಿದ್ದೀರಲ್ಲಾ, ಕೈ ಇಳಿಸಿದರೆ ಮೊಣಕೈ ತನಕ ಹೋಗುವ ಬಿರುಕು. ಮಿರಗದ ಮೊದಲ ಮಳೆಯ ನೀರು ಆ ಬಿರುಕಿನೊಳಗೆ ನೇರ ಇಳಿಯುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚುವ ತನಕ ಬಾಗಿಲು ತೆರೆದೇ ಇರುತ್ತದೆ. ಮಡಕಶಿರಾ, ರಾಯದುರ್ಗದಲ್ಲಿ ಕೆಳಗೆ ಗಟ್ಟಿ ಬಂಡೆ. ನೀರು ಸಿಗುವುದೇ ಬಂಡೆಯ ಬಿರುಕಿನಲ್ಲಿ, ಬಿರುಕಿನಲ್ಲಿ ಮಣ್ಣೂ ಇಲ್ಲ, ಸಾವಯವ ಅಂಶವೂ ಇಲ್ಲ, ಹಿಡಿಯುವವರು ಯಾರೂ ಇಲ್ಲ. ಕೇಸಿಂಗ್ ಪೈಪಿನ ಸುತ್ತ ಸರಿಯಾಗಿ ಮುಚ್ಚದ ಬೋರ್‌ವೆಲ್ ಅಂದರೆ ಮೂರನೇ ಬಾಟಲಿಯ ಪೆನ್ಸಿಲ್ ತೂತೇ. ನೀರು ಇಂಗಿಸುವ ಒಳ್ಳೆಯ ಕೆಲಸ ಈಗ ಎಲ್ಲ ಕಡೆ ನಡೆಯುತ್ತಿದೆ, ನನಗೂ ಅದರ ಮೇಲೆ ಪ್ರೀತಿ. ಆದರೆ ಛಾವಣಿಯ ನೀರನ್ನು ಬೋರ್‌ವೆಲ್ಲಿಗೆ ಬಿಡುವುದು ಬೇರೆ, ಮದ್ದು ಹೊಡೆದ ಹೊಲದ ಹರಿವನ್ನು ಬಿಡುವುದು ಬೇರೆ. ನೀಲಗಿರಿಯ ಮಣ್ಣಿನಲ್ಲಿ ಸಾವಯವ ಅಂಶ ಹೆಚ್ಚು, ಹಿಡಿತ ಚೆನ್ನಾಗಿದೆ. ಅಲ್ಲಿಯ ತೊಂದರೆ ಇಳಿಜಾರು.

ಎಂಡೋಸಲ್ಫಾನ್ ಹೋಯಿತು. ಅದರ ನಂತರ ಬಂದ ಮದ್ದುಗಳಲ್ಲಿ ಕೆಲವು ಅಂಕಪಟ್ಟಿಯಲ್ಲಿ ಅದಕ್ಕಿಂತ ಬಹಳ ಮುಂದೆ. ಹತ್ತಿ, ತರಕಾರಿ, ಭತ್ತಕ್ಕೆಲ್ಲ ಬಳಸುವ ಇಮಿಡಾಕ್ಲೋಪ್ರಿಡ್ ಒಂದು ಲೀಟರ್ ನೀರಿನಲ್ಲಿ 600 ಮಿಲಿಗ್ರಾಮಿನಷ್ಟು ಕರಗುತ್ತದೆ, ಅಂಕ 3.5ರ ಮೇಲೆ. ಡಬ್ಬಿಯ ಮೇಲಿನ ತ್ರಿಕೋನ ನೋಡಿದ್ದೀರಿ: ಕೆಂಪು, ಹಳದಿ, ನೀಲಿ, ಹಸಿರು. ಅದು ಹೇಳುವುದು ಹೊಟ್ಟೆಗೆ ಹೋದರೆ, ಮೈಗೆ ತಾಗಿದರೆ ತಕ್ಷಣ ಎಷ್ಟು ಅಪಾಯ ಎಂಬುದನ್ನು ಮಾತ್ರ. ಬಾವಿಗೆ ಇಳಿಯುತ್ತದಾ ಇಲ್ಲವಾ ಅಂತ ಆ ಬಣ್ಣ ಹೇಳುವುದಿಲ್ಲ. ಹಾಗಾಗಿ ‘ನೀಲಿ ತ್ರಿಕೋನ, ಏನೂ ಆಗೂದಿಲ್ಲ’ ಎಂಬ ಅಂಗಡಿಯ ಮಾತು ಅರ್ಧ ಉತ್ತರ.

ಒಂದು ಗ್ರಾಂ

ಮಣ್ಣಿನ ಎಲ್ಲ ಉಪಾಯವನ್ನೂ ಒಂದೇ ಹೆಜ್ಜೆಯಲ್ಲಿ ದಾಟುವ ದಾರಿ ಇನ್ನೊಂದು ಉಂಟು, ಬಾವಿಕಟ್ಟೆ. ಮದ್ದು ಬೆರೆಸುವುದು, ಪಂಪು ತೊಳೆಯುವುದು, ಖಾಲಿ ಡಬ್ಬಿ ಜಾಲಾಡುವುದು ಎಲ್ಲವೂ ನೀರು ಹತ್ತಿರ ಇದೆ ಅಂತ ಅಲ್ಲೇ.

ಬಾವಿಯ ಅಗಲ 3 ಮೀಟರ್, ನೀರು 4 ಮೀಟರ್ ಅಂತ ಇಟ್ಟುಕೊಳ್ಳಿ. ಪೈ ಗುಣಿಸು 1.5ರ ವರ್ಗ ಗುಣಿಸು 4, ಅಂದರೆ ಸುಮಾರು 28.3 ಘನ ಮೀಟರ್, 28,300 ಲೀಟರ್. ಶೇಕಡಾ 35ರ ದ್ರಾವಣದಲ್ಲಿ 3 ಮಿಲಿಲೀಟರಿಗೆ ಸುಮಾರು 1 ಗ್ರಾಂ ವಿಷ; ಮುಚ್ಚಳದ ತಳದಲ್ಲಿ ಉಳಿಯುವಷ್ಟು. ಆ ಒಂದು ಗ್ರಾಂ, ಅಂದರೆ ಹತ್ತು ಲಕ್ಷ ಮೈಕ್ರೋಗ್ರಾಂ, ಬಾವಿಯಲ್ಲೆಲ್ಲ ಬೆರೆತರೆ ಲೀಟರಿಗೆ 35 ಮೈಕ್ರೋಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಎಂಡೋಸಲ್ಫಾನ್‌ಗೆ ಇರುವ ಮಿತಿ ಲೀಟರಿಗೆ 0.4 ಮೈಕ್ರೋಗ್ರಾಂ, ಅಟ್ರಜಿನ್‌ಗೆ 2. ಭಾಗಿಸಿ ನೋಡಿ. ಒಂದಕ್ಕೆ ಎಂಬತ್ತು ಪಟ್ಟಿಗೂ ಮೀರಿತು, ಇನ್ನೊಂದಕ್ಕೆ ಹದಿನೇಳು ಪಟ್ಟು. ನೀರು ಮಾತ್ರ ಮೊದಲಿನಷ್ಟೇ ತಿಳಿ.

ಇದೇ ಲೆಕ್ಕ ನಮ್ಮ ಜಿಲ್ಲೆಯ ಮಿಂಚಿಪದವಿನಲ್ಲಿ ದೊಡ್ಡ ಪ್ರಶ್ನೆಯಾಗಿ ನಿಂತಿದೆ. ಉಳಿದುಹೋದ ಎಂಡೋಸಲ್ಫಾನನ್ನು ಅಲ್ಲಿಯ ಗೇರು ತೋಟದ ಒಂದು ಪಾಳು ಬಾವಿಗೆ ಸುರಿದಿದ್ದಾರೆ ಎಂಬ ದೂರು ಬಹಳ ಹಿಂದಿನಿಂದಲೂ ಇತ್ತು. ಅದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ತನಕ ಹೋಗಿ, 2023ರ ಕೊನೆಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಂಡ ಬಂದು ಮಣ್ಣು, ನೀರಿನ ಮಾದರಿ ತೆಗೆದುಕೊಂಡು ಹೋಯಿತು. ಈ ಜಾಗ ಕರ್ನಾಟಕದ ಗಡಿಗೆ ಹತ್ತಿರ. ಗುಡ್ಡದ ನೀರು ಗಡಿಯ ಕಲ್ಲು ನೋಡಿ ಹರಿಯುವುದಿಲ್ಲ. ದೂರಿನ ಸರಿ ತಪ್ಪು ನ್ಯಾಯಾಧಿಕರಣದ ಕೆಲಸ. ವಿಜ್ಞಾನದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಬೇರೆ. ಸಿಂಪಡಿಸಿದ ಎಂಡೋಸಲ್ಫಾನ್ ಮೇಲ್ಮಣ್ಣಿನಲ್ಲಿ ಇರುತ್ತದೆ. ಅಲ್ಲಿ ಸೂಕ್ಷ್ಮಜೀವಿ ಉಂಟು, ಬಿಸಿಲು ಉಂಟು. ಬಾವಿಗೆ ಸುರಿದದ್ದು ಆ ಪದರವನ್ನು ನೋಡಿಯೇ ಇರುವುದಿಲ್ಲ. ಹಾಗಾಗಿ ಬಾವಿಯ ನೀರನ್ನು ಮಾತ್ರ ಒಂದು ಸಲ ಪರೀಕ್ಷಿಸಿದರೆ ಸಾಲದು. ಅಷ್ಟು ಬಿಗಿಯಾಗಿ ಮಣ್ಣಿಗೆ ಹಿಡಿಯುವ ವಸ್ತುವನ್ನು ಬಾವಿಯ ತಳದ ಕೆಸರಿನಲ್ಲಿ ಹುಡುಕಬೇಕು. ಕೆಳಗಿನ ಬಾವಿ, ಸುರಂಗ, ತೋಡುಗಳಲ್ಲಿ ಮಳೆಗಾಲದ ಆರಂಭದಲ್ಲೂ ಬೇಸಿಗೆಯಲ್ಲೂ, ವರ್ಷ ವರ್ಷವೂ ನೋಡಬೇಕು.

ನಿಮ್ಮ ಬಾವಿಯ ಎಂಡೋಸಲ್ಫಾನನ್ನೋ ಅಟ್ರಜಿನನ್ನೋ ಅಳೆಯುವ ಯಂತ್ರ ನಮ್ಮ ಶಾಲೆಗಳಲ್ಲಿ ಇಲ್ಲ. ಆದರೆ ನಿಮ್ಮ ನೆಲದಲ್ಲಿ ಅಡ್ಡದಾರಿ ಉಂಟಾ ಅಂತ ತಿಳಿಯಲು ಒಂದು ನೋಟ್‌ಬುಕ್ ಸಾಕು. ಈ ಮಳೆಗಾಲದಲ್ಲಿ ಮೊದಲ ಜೋರು ಮಳೆ ಬಿದ್ದ ದಿನಾಂಕ ಬರೆದಿಡಿ. ಆಮೇಲೆ ದಿನಾ ಬೆಳಿಗ್ಗೆ ಬಾವಿಯಿಂದಲೋ ಸುರಂಗದಿಂದಲೋ ಒಂದು ಗಾಜಿನ ಲೋಟ ನೀರು ತೆಗೆದು ಬಿಳಿ ಕಾಗದದ ಎದುರು ಹಿಡಿಯಿರಿ. ಕಟ್ಟೆ ಇಲ್ಲದ ಬಾವಿಗೆ ಅಂಗಳದ ನೀರು ಹೊರಗಿನಿಂದಲೇ ನುಗ್ಗಬಹುದು, ಅಂಥದ್ದನ್ನು ಬಿಡಿ. ಒಳಗಿನಿಂದ ಬಂದ ನೀರೇ ಮರುದಿನ ಕೆಂಪಾದರೆ ಮಣ್ಣಿನ ಕಣ ಬರುವಷ್ಟು ದೊಡ್ಡ ದಾರಿ ಒಳಗೆ ಉಂಟು ಅಂತ ಅರ್ಥ. ಕಣ ಬರುವ ದಾರಿಯಲ್ಲಿ ಕಣಕ್ಕೆ ಅಂಟಿದ್ದೂ ಬರುತ್ತದೆ. ನೀರಿನ ಮಟ್ಟ ವಾರಗಟ್ಟಲೆ ತಡವಾಗಿ, ತಿಳಿಯಾಗಿಯೇ ಏರಿದರೆ ನಿಮ್ಮ ನೆಲ ಎರಡನೇ ಬಾಟಲಿಯ ಹಾಗೆ ಕೆಲಸ ಮಾಡುತ್ತಿರಬಹುದು. ಆಗ ಚಿಂತೆ ಕರಗುವ, ಹೆಚ್ಚು ಅಂಕದ ಮದ್ದುಗಳದ್ದು.

ಕೆಂಪಾದ ದಿನ, ಮತ್ತೆ ತಿಳಿಯಾದ ದಿನ, ಬಾವಿಯಿಂದ ಹತ್ತಿರದ ಮದ್ದು ಹೊಡೆಯುವ ಹೊಲಕ್ಕೆ ಎಷ್ಟು ಹೆಜ್ಜೆ, ಅಲ್ಲಿ ಹೊಡೆಯುವ ಮದ್ದಿನ ಡಬ್ಬಿಯ ಮೇಲೆ ಬರೆದ ರಾಸಾಯನಿಕದ ಹೆಸರು – ಇಷ್ಟು ಬರೆಯಿರಿ. ಡಬ್ಬಿಯನ್ನು ನೀವು ಮುಟ್ಟಬೇಡಿ, ದೊಡ್ಡವರನ್ನು ಓದಿ ಹೇಳಲು ಕೇಳಿ. ಜತ್ತ, ಅಕ್ಕಲಕೋಟೆಯ ಮಕ್ಕಳು ಮಳೆಗೆ ಮೊದಲೇ ಹೊಲದ ಬಿರುಕಿಗೆ ಜೋಳದ ದಂಟು ಇಳಿಸಿ ಆಳ ಅಳೆದಿಡಿ, ಎಷ್ಟು ಮಳೆಯ ಮೇಲೆ ಬಿರುಕು ಮುಚ್ಚಿತು ಅಂತಲೂ ನೋಡಿ. ನಿಮ್ಮ ಟೀಚರ ಕೈಯಲ್ಲಿ ಈ ಪತ್ರಿಕೆಗೆ ಕಳುಹಿಸಿದರೆ ಮುರಕಲ್ಲು, ಎರೆಮಣ್ಣು, ಬಂಡೆ ಮೂರರ ಲೆಕ್ಕವನ್ನೂ ಒಂದೇ ಪುಟದಲ್ಲಿ ಇಟ್ಟು ನೋಡಬಹುದು.